ನೆಗೆತವೂ ಇಳಿತವೂ

ರಂಗದ ಮೇಲೆ ನರ್ತಕಿ ನೆಗೆದಾಗ ಪ್ರೇಕ್ಷಕರ ಉಸಿರೂ ಅವಳೊಡನೆ ಮೇಲೇರುತ್ತದೆ; ಆಕೆ ನೆಲ ಮುಟ್ಟುವ ಮೊದಲೇ ಕರತಾಡನ ಆರಂಭವಾಗಿರುತ್ತದೆ. 1911ರಲ್ಲಿ ಮಾಂಟೆ ಕಾರ್ಲೊದಲ್ಲಿ ನಿಜಿನ್‌ಸ್ಕಿ ಕಿಟಕಿಯಿಂದಾಚೆಗೆ ಹಾರಿ ಮರೆಯಾದ ಪರಿಯನ್ನು ಇಂದಿಗೂ ಬಣ್ಣಿಸುವವರುಂಟು. ತೆರೆಯ ಮರೆಯಲ್ಲಿ ಆತ ಹೇಗೆ ಇಳಿದನೆಂದು ಕೇಳುವವರು ವಿರಳ. ಮೂಳೆವೈದ್ಯರು ಕೇಳುವ ಪ್ರಶ್ನೆ ಮಾತ್ರ ಅದೇ. ಮೈತೂಕದ ಹಲವು ಪಟ್ಟು ಭಾರ ಎವೆಯಿಕ್ಕುವುದರೊಳಗಾಗಿ ಒಂದೇ ಕಾಲಿನ ಮೇಲೆ ಬಂದೆರಗುವುದು ಆ ಗಳಿಗೆಯಲ್ಲಿ. ಮಂಡಿಯೊಳಗಿನ ಅಡ್ಡರಜ್ಜು ಹರಿಯಿತೆಂದರೆ ತಿಂಗಳುಗಟ್ಟಲೆ ರಂಗಕ್ಕೆ ವಿದಾಯ; ಕೆಲವರಿಗೆ ಶಾಶ್ವತವಾಗಿಯೇ.

ಹಾಗಾದರೆ ನೆಗೆತವನ್ನೇ ವೃತ್ತಿಯಾಗಿಸಿಕೊಂಡವರಲ್ಲಿ ಈ ಆಘಾತ ಹೇರಳವಾಗಿರಬೇಕಲ್ಲವೆ? ನ್ಯೂಯಾರ್ಕಿನ ಸಂಶೋಧಕರು 298 ಮಂದಿ ಬ್ಯಾಲೆ ಮತ್ತು ಆಧುನಿಕ ನೃತ್ಯ ಕಲಾವಿದರನ್ನು ಐದು ವರ್ಷ ಗಮನಿಸಿ, 2008ರಲ್ಲಿ ಪ್ರಕಟಿಸಿದ ವರದಿ ಬೇರೆಯದನ್ನೇ ಹೇಳಿತು. ಹರಿದ ರಜ್ಜುಗಳು ಒಟ್ಟು 12. ಚೆಂಡಾಟದ ಪಟುಗಳ ಲೆಕ್ಕದ ಮುಂದೆ ಇದು ಅತ್ಯಲ್ಪ. ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್‌ಗಳಲ್ಲಿ ಹೆಂಗಸರ ಮಂಡಿಗೆ ಗಂಡಸರದಕ್ಕಿಂತ ಅಪಾಯ ಹೆಚ್ಚು. ನರ್ತಕರಲ್ಲಿ ಆ ಅಂತರವೂ ಸ್ಪಷ್ಟವಾಗಿ ಕಾಣಲಿಲ್ಲ.

ಇದರ ಗುಟ್ಟು ಬಾಲ್ಯದ ಪಾಠದಲ್ಲಿರಬಹುದೆಂದು ಸಂಶೋಧಕರು ಎಣಿಸುತ್ತಾರೆ. ಬ್ಯಾಲೆ ಶಾಲೆಯಲ್ಲಿ ಮಗು ಮೊದಲು ಕಂಬಿ ಹಿಡಿದು ಮಂಡಿ ಬಾಗಿಸಲು ಕಲಿಯುತ್ತದೆ. ಅನಂತರ ಎರಡು ಕಾಲಿನ ಪುಟ್ಟ ನೆಗೆತ, ಆಮೇಲೆ ಒಂಟಿ ಕಾಲಿನದು, ಕಟ್ಟಕಡೆಗೆ ರಂಗವನ್ನೇ ದಾಟುವಂಥದು. ಇಳಿಯುವಾಗ ಬೆರಳು, ಮುಂಗಾಲು, ಹಿಮ್ಮಡಿ ಎಂಬ ಕ್ರಮ ತಪ್ಪಕೂಡದು, ಮಂಡಿ ಪಾದದ ನೇರಕ್ಕೇ ಬಾಗಬೇಕು, ಸದ್ದಾಗಕೂಡದು. ಧಡ್ಡೆಂದು ಸದ್ದಾದರೆ ಗುರುವಿಗೆ ನೋಡುವ ಅಗತ್ಯವೂ ಇಲ್ಲ, ಕಿವಿಯೇ ತಪ್ಪನ್ನು ಹಿಡಿಯುತ್ತದೆ! ಒಂದೇ ತರಗತಿಯಲ್ಲಿ ಇಂಥ 200ಕ್ಕೂ ಹೆಚ್ಚು ನೆಗೆತಗಳು ನಡೆಯುವುದುಂಟು. ಆಟದ ಮೈದಾನವಾದರೋ ಮೇಲೇರುವುದನ್ನಷ್ಟೇ ಹೊಗಳುತ್ತದೆ.

ಈ ವಿದ್ಯೆ ನರ್ತಕರ ಸ್ವತ್ತೇನೂ ಅಲ್ಲ. ಅಮೆರಿಕದ ಶಾಲಾ ವಾಲಿಬಾಲ್ ಆಟಗಾರ್ತಿಯರಿಗೆ ಆರು ವಾರ ನೆಗೆತದ ಸಾಧನೆ ಮಾಡಿಸಿ, ಇಳಿಯುವ ಬಗೆಯನ್ನು ತಿದ್ದಿದಾಗ, ನೆಲದ ಹೊಡೆತ ಶೇಕಡ 22ರಷ್ಟು ತಗ್ಗಿತೆಂದು 1996ರ ಅಧ್ಯಯನವೊಂದು ತಿಳಿಸಿತು.

ಇಷ್ಟರಿಂದ, ಹೆಚ್ಚು ನೆಗೆದಷ್ಟೂ ಕ್ಷೇಮವೆಂದು ಮಕ್ಕಳನ್ನು ಗಾರೆ ನೆಲದ ಮೇಲೆ ಕುಣಿಸುವ ಉತ್ಸಾಹ ತಾಯಿತಂದೆಯರಿಗೆ ಬೇಡ. ಬಿಡುವಿಲ್ಲದ ನೆಗೆತದಿಂದ ಕಾಲಿನ ಎಲುಬುಗಳು ಬಿರುಕು ಬಿಡುವುದೂ ಉಂಟು. ನ್ಯೂಯಾರ್ಕಿನ ಆ 12 ಪ್ರಕರಣಗಳಲ್ಲಿಯೂ ಒಂದನ್ನುಳಿದು ಮಿಕ್ಕವೆಲ್ಲ ಒಂಟಿ ಕಾಲಿನ ಮೇಲೆ ಇಳಿಯುವಾಗಲೇ ಸಂಭವಿಸಿದ್ದವು. ಬಾಲ್ಯದಿಂದ ಪಳಗಿದ ಕಾಲುಗಳೇ ಅವು. ಆದರೆ ಹೊತ್ತು ಸಂಜೆಯ ಕಡೆಗೆ ವಾಲಿತ್ತು, ಪ್ರದರ್ಶನಗಳ ಋತು ಮುಗಿಯುತ್ತ ಬಂದಿತ್ತು.