ಗುಳೆ ಹೋದವರ ಕೂಸು ಯಾರ ಮಡಿಲಲ್ಲಿ?

ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕೂಲಿ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಾಫಿ ತೋಟಗಳಿಗೋ ಗುಳೆ ಹೋಗುವುದು ಹೊಸದೇನಲ್ಲ. ಬರದ ವರದಿಯಲ್ಲಿ ಬೆಳೆ ನಷ್ಟಕ್ಕೆ, ಮೇವಿನ ಕೊರತೆಗೆ ಜಾಗವಿದೆ. ಅಜ್ಜಿಯ ಬಳಿ ಉಳಿದ ಎರಡು ವರ್ಷದ ಕೂಸಿಗೆ ಇಲ್ಲ. ತಿಂಗಳುಗಟ್ಟಲೆ ದೂರವಿದ್ದ ತಾಯಿ ನಾಯಕನಹಟ್ಟಿ ಜಾತ್ರೆಗೆಂದು ಬಂದು ಕೈಚಾಚಿದರೆ ಅಂಥ ಕೂಸು ಅಜ್ಜಿಯ ಸೆರಗಿನ ಮರೆಗೆ ಸರಿಯುವುದುಂಟು. ಅದು ಈಗ ಯಾರನ್ನು ನೆಚ್ಚಿಕೊಂಡಿದೆ ಎಂಬುದು ಅಲ್ಲಿ ಕಾಣುತ್ತದೆ. ಆ ನಂಟನ್ನು ಗುರುತಿಸಿ ಕಾಪಾಡುವುದೇ ಇಲ್ಲಿನ ಸಮಾಜಕಾರ್ಯದ ಮೊದಲ ಹೊಣೆಯಾಗಬೇಕು.

ಇದು ಬರೀ ಭಾವುಕತೆಯ ಮಾತಲ್ಲ. ಯುದ್ಧಾನಂತರ ಮನೆ ಕಳೆದುಕೊಂಡ ಮಕ್ಕಳ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದರು. ಎಳೆಯ ಮಗುವಿನ ಮಾನಸಿಕ ಆರೋಗ್ಯಕ್ಕೆ ಒಬ್ಬರ ನಿರಂತರ, ಆಪ್ತ ಆರೈಕೆ ಅತ್ಯಗತ್ಯ ಎಂಬುದು ಅದರ ಸಾರ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳ ಮೇಲೆ 2000ದ ನಂತರ ನಡೆದ ಅಧ್ಯಯನವೂ ಇದನ್ನು ಪುಷ್ಟೀಕರಿಸಿತು. ಎರಡು ವರ್ಷ ತುಂಬುವ ಮೊದಲೇ ಸಾಕುಕುಟುಂಬ ಸೇರಿದ ಮಕ್ಕಳು ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರು. ನಮ್ಮ ವ್ಯವಸ್ಥೆ ಎಡವುವುದು ಆ ವಯಸ್ಸಿನಲ್ಲೇ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಮತ್ತು ತೂಕದ ತಪಾಸಣೆ. ತೂಕ ಸರಿಯಿದ್ದ ಮಾತ್ರಕ್ಕೆ ಮಗು ನೆಮ್ಮದಿಯಾಗಿದೆ ಎನ್ನಲಾಗದು.

ಹೊಟ್ಟೆಗೇ ಇಲ್ಲದಾಗ ಬಾಂಧವ್ಯದ ಮಾತೇಕೆ ಎಂದು ಕೇಳುವವರಿದ್ದಾರೆ. ಅನ್ನ ಮೊದಲು, ನಿಜ. ಆದರೆ ಎಳೆಗೂಸಿಗೆ ಆ ಅನ್ನವನ್ನು ಉಣಿಸುವ ಕೈಯೂ ಬೇಕು. ಬಾಂಧವ್ಯದ ಈ ಸಿದ್ಧಾಂತ ಪಾಶ್ಚಾತ್ಯರದು, ದುಡಿಯುವ ತಾಯಿಯ ತಲೆಗೆ ತಪ್ಪು ಹೊರಿಸುತ್ತದೆ ಎಂಬ ಆಕ್ಷೇಪ ಇನ್ನೂ ಗಂಭೀರ. ಬೌಲ್ಬಿಯ ಆರಂಭದ ಬರಹಗಳಲ್ಲಿ ತಾಯಿಗೆ ಒತ್ತು ಹೆಚ್ಚಿತ್ತೆಂಬುದನ್ನು ಒಪ್ಪಬೇಕು. ಆದರೆ ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳ ಮನೆಮನೆಗೆ ಹೋಗಿ ನೋಡಿದಾಗ, ಮಕ್ಕಳು ತಾಯಿಯ ಜೊತೆಗೆ ಮನೆಯ ಇತರರನ್ನೂ ಹಚ್ಚಿಕೊಳ್ಳುವುದು ಕಂಡಿತು. ಹಾಗಾಗಿ ಅಜ್ಜಿ ಸಾಕಿದ ಕೂಸು ಕೆಟ್ಟಿತು ಎನ್ನಲು ಆಧಾರವಿಲ್ಲ. ಸುಳಿವಿಲ್ಲದೆ ಸಾಕುವ ಕೈ ಬದಲಾಗುತ್ತಲೇ ಇದ್ದರೆ, ಸಾಕುವ ಅಜ್ಜಿಯೇ ಕಾಯಿಲೆ, ಸಾಲದಲ್ಲಿ ನಲುಗಿದರೆ ಅಪಾಯ.

ಆದ್ದರಿಂದ ಮಕ್ಕಳನ್ನು ವಸತಿ ನಿಲಯಕ್ಕೆ ಸೇರಿಸುವುದು ಮೊದಲ ಪರಿಹಾರವಾಗಬಾರದು. ಸಂಸ್ಥೆಯ ಆಸರೆ ಕೊನೆಯ ದಾರಿ ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಗುಳೆಯ ಹಂಗಾಮಿಗೆ ಮುನ್ನ ಪ್ರತಿ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಗ್ರಾಮ ಪಂಚಾಯಿತಿ ದಾಖಲಿಸಲಿ. ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ. ಈ ಕೆಲಸಕ್ಕೆ ತರಬೇತಾದ ಸಮಾಜ ಕಾರ್ಯಕರ್ತರನ್ನು ನೇಮಿಸಲಿ. ಸಾಕುವ ಅಜ್ಜಿಗೆ ಪಿಂಚಣಿಯ ಜೊತೆ ಮಗುವಿನ ಹೆಸರಲ್ಲಿ ನೆರವು ಸಿಗಲಿ. ನರೇಗಾ ಕೂಲಿಕಾರ ಮಹಿಳೆಯರ ಮಕ್ಕಳಿಗಾಗಿ 2023-24ರ ಬಜೆಟ್‌ನಲ್ಲಿ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಈ ಎರಡು ತಾಲ್ಲೂಕುಗಳಲ್ಲಿ ವರ್ಷವಿಡೀ ತೆರೆದಿರಲಿ, ಅದರ ಜೊತೆಗೆ ಊರಲ್ಲೇ ಕೆಲಸವೂ ಸಿಗಲಿ. ಬರಪೀಡಿತ ತಾಲ್ಲೂಕೆಂದು ಘೋಷಿಸುವ ಸರ್ಕಾರ ಅಲ್ಲಿನ ಕೂಸುಗಳನ್ನೂ ಬರ ಪರಿಹಾರದ ಲೆಕ್ಕಕ್ಕೆ ಸೇರಿಸಬೇಕು.