ಓದು ನಿಂತ ಪುಟ

ಪುಸ್ತಕದ ಹಾಳೆಯ ಮೂಲೆಯನ್ನು ಮಡಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಕೈಗೆ ಸಿಕ್ಕಿದ್ದನ್ನು ಪುಟಗಳ ನಡುವೆ ತುರುಕುವವರನ್ನು ಕಂಡರೆ ನಗು ಬರುತ್ತದೆ. ಈ ಎರಡನೆಯ ಪಂಗಡಕ್ಕೆ ನಾನೂ ಸೇರಿದವನಾದುದರಿಂದ ಆ ನಗುವಿನಲ್ಲಿ ತುಸು ನಾಚಿಕೆಯೂ ಬೆರೆತಿರುತ್ತದೆ. ಗೊಂಡೆ ಕಟ್ಟಿದ ಅಂದವಾದ ಪುಟಗುರುತುಗಳು ಅಂಗಡಿಯಲ್ಲಿ ದೊರೆಯುವುದಿಲ್ಲವೆಂದಲ್ಲ. ಆದರೆ ಒಲೆಯ ಮೇಲೆ ಹಾಲು ಉಕ್ಕಿದಾಗ, ಯಾರೋ ಬಾಗಿಲು ತಟ್ಟಿದಾಗ, ಅವು ಎಲ್ಲಿ ಅಡಗಿರುತ್ತವೆಯೋ ದೇವರೇ ಬಲ್ಲ. ಆಗ ಒದಗಿಬರುವುದು ಬಸ್ಸಿನ ಚೀಟಿ, ಬೆಂಕಿಕಡ್ಡಿ, ಮುಗಿದುಹೋದ ಮದುವೆಯ ಲಗ್ನಪತ್ರಿಕೆ.

ನಮ್ಮ ಪೂರ್ವಿಕರಿಗೆ ಮೂಲೆ ಮಡಿಸುವ ದುರ್ಬುದ್ಧಿಗೆ ಅವಕಾಶವೇ ಇರಲಿಲ್ಲ. ಒಣಗಿದ ಓಲೆಗರಿಯನ್ನು ಮಡಿಸಿದರೆ ಮುರಿದೀತು! ಗರಿಗಳ ರಂಧ್ರದಲ್ಲಿ ಪೋಣಿಸಿದ ದಾರವೇ ಗ್ರಂಥವನ್ನು ಕಾಯುತ್ತಿತ್ತು. ಮಕ್ಕಳ ರಾಜ್ಯವೇ ಬೇರೆ. ಪುಸ್ತಕದಲ್ಲಿಟ್ಟ ನವಿಲುಗರಿ ಮರಿ ಹಾಕುವುದೆಂದು ನಂಬಿ ದಿನಕ್ಕೆ ಹತ್ತು ಸಲ ಬಿಡಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಪಾಠ ತಲೆಗೆ ಹತ್ತದಿದ್ದರೂ ಆ ಪುಟವಂತೂ ಬಾಯಿಪಾಠವಾಗುತ್ತಿತ್ತು.

ನನ್ನ ಮಿತ್ರರೊಬ್ಬರು ನೋಟುಗಳನ್ನೇ ಗುರುತಾಗಿ ಇಡುತ್ತಿದ್ದರು. ಗುರುತಿಗೆ ಗುರುತು, ಉಳಿತಾಯಕ್ಕೆ ಉಳಿತಾಯ. 2016ರ ನವೆಂಬರ್ 8ರಂದು ಐನೂರು, ಸಾವಿರದ ಹಳೆಯ ನೋಟುಗಳು ರದ್ದಾದವಷ್ಟೆ. ಬ್ಯಾಂಕಿಗೆ ಕಟ್ಟಲು ಆ ವರ್ಷದ ಡಿಸೆಂಬರ್ 30ರವರೆಗೆ ಗಡುವಿತ್ತು. ಅವರು ಆ ಕಾದಂಬರಿಯನ್ನು ಮರಳಿ ತೆರೆದದ್ದು ಮರುವರ್ಷದ ಬೇಸಗೆಯಲ್ಲಿ! ಅಂಥ ನೋಟುಗಳನ್ನು ಹತ್ತರವರೆಗೆ ಇಟ್ಟುಕೊಳ್ಳಲು 2017ರ ಕಾನೂನು ಅಡ್ಡಿಮಾಡುವುದಿಲ್ಲವಾದ್ದರಿಂದ ಆ ಎರಡು ನೋಟುಗಳು ಈಗ ಶುದ್ಧ ಪುಟಗುರುತುಗಳಾಗಿ ನೆಮ್ಮದಿಯಿಂದಿವೆ.

ನಗೆಯ ಮಾತು ಹಾಗಿರಲಿ. ಈ ವಸ್ತುಗಳು ಪುಸ್ತಕಕ್ಕೆ ಮಾಡುವ ಕೇಡು ಸಣ್ಣದಲ್ಲ. ವೃತ್ತಪತ್ರಿಕೆಯ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿರುವುದರಿಂದ, ಅದರ ತುಂಡು ಕೆಲವು ವರ್ಷಗಳಲ್ಲಿ ಎರಡು ಪಕ್ಕದ ಪುಟಗಳನ್ನೂ ಕಂದಾಗಿಸುತ್ತದೆ. ಹೂವಿನ ಎಸಳು ಕಲೆ ಬಿಡುತ್ತದೆ. ಕಬ್ಬಿಣದ ವಸ್ತುವಂತೂ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನೇ ತಿನ್ನತೊಡಗುತ್ತದೆ.

ಇದನ್ನೆಲ್ಲ ತಿಳಿದೂ ನಾನು ಒಂದು ತಲೆಪಿನ್ನನ್ನು ಹನ್ನೊಂದು ವರ್ಷ ಮುಟ್ಟದೆ ಬಿಟ್ಟಿದ್ದೆ. ಅದು ನಮ್ಮ ತಾಯಿಯವರದು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಅವರು ಗದುಗಿನ ಭಾರತವನ್ನು ಓದುತ್ತಿದ್ದರು. ಓದು ನಿಲ್ಲಿಸುವಾಗ ಮುಡಿಯಿಂದ ಒಂದು ಪಿನ್ನನ್ನು ತೆಗೆದು ಪುಟಕ್ಕೆ ಸಿಕ್ಕಿಸುವುದು ಅವರ ರೂಢಿ. ಕಡೆಯ ಪಿನ್ನು ಸಿಕ್ಕಿಸಿದ್ದು ಕರ್ಣಪರ್ವದಲ್ಲಿ, ಕರ್ಣನ ಅವಸಾನಕ್ಕೆ ಕೆಲವೇ ಪುಟಗಳ ಮುಂಚೆ. ಅಂದು ಕಾಯಿಲೆಯಿಂದಲೇ ನಿಲ್ಲಿಸಿದರೋ, ಅಥವಾ ಎಂದಿನಂತೆ ಅಲ್ಲಿಗೆ ಬಂದಾಗ ಎರಡು ದಿನ ಪುಸ್ತಕ ಮುಚ್ಚಿಟ್ಟರೋ ಹೇಳಲಾರೆ. ಆ ಭಾಗ ಬಂದಾಗಲೆಲ್ಲ, “ಇವತ್ತು ಬೇಡಪ್ಪ, ಅವನು ಇನ್ನೆರಡು ದಿನ ಇರಲಿ” ಎನ್ನುತ್ತಿದ್ದರು.

ಹೋದ ತಿಂಗಳು ನನ್ನ ಮಗಳು ಪುಸ್ತಕದ ಧೂಳು ಕೊಡವುತ್ತ ಪಿನ್ನನ್ನು ಕಂಡು, “ಅಪ್ಪಾ, ಹೀಗೇ ಬಿಟ್ಟರೆ ಹಾಳೆ ತೂತಾಗುತ್ತದೆ” ಎಂದಳು. ನಾನು ಬೇಡವೆನ್ನುವಷ್ಟರಲ್ಲಿ ಮೆಲ್ಲನೆ ಎಳೆದು, ಆ ಜಾಗದಲ್ಲಿ ಒಂದು ಹತ್ತಿಯ ದಾರವನ್ನಿಟ್ಟಳು. ಮುನಿಯಬೇಕೆಂದು ಪುಸ್ತಕವನ್ನು ಕೈಗೆ ತೆಗೆದುಕೊಂಡೆ. ಪುಟದ ಮೇಲೆ ಪಿನ್ನಿನಷ್ಟೇ ಉದ್ದದ ಕಂದು ಗೆರೆ ಮೂಡಿತ್ತು. ಬಾಗು ಕೂಡ ಅದರದೇ. ದಾರ ಜಾರಿಬಿದ್ದರೂ ಇನ್ನು ಆ ಪುಟ ತಪ್ಪುವಂತಿಲ್ಲ.