ಸೈನ್ಯ ಕಟ್ಟಲು ಇನ್ನೊಂದು ಪುಸ್ತಕ ಬೇಕೆ?

ಊಟದ ಮೇಜಿನ ಮೇಲೊಂದು ಹಸಿರು ಬಟ್ಟೆ. ಬಟ್ಟೆಯಡಿ ನಾಲ್ಕು ಪುಸ್ತಕ ಇಟ್ಟರೆ ಗುಡ್ಡ, ನೀಲಿ ಕಾಗದ ಕತ್ತರಿಸಿ ಹಾಸಿದರೆ ಹೊಳೆ. ಎರಡು ಬದಿಗೆ ಬೆರಳಿನಷ್ಟೂ ಎತ್ತರವಿಲ್ಲದ ಬೊಂಬೆ ಸೈನಿಕರು. ಅಳತೆಪಟ್ಟಿ ಹಿಡಿದು ಅವರನ್ನು ನಡೆಸಬೇಕು, ದಾಳ ಉರುಳಿಸಿ ಕಾದಾಟದ ಫಲ ತಿಳಿಯಬೇಕು. ಬ್ರಿಟನ್ನಿನಲ್ಲಿ ಬೆಳೆದು ಬೇರೆ ದೇಶಗಳಿಗೂ ಹಬ್ಬಿದ ಈ ಹವ್ಯಾಸಕ್ಕೆ ಐತಿಹಾಸಿಕ ವಾರ್‌ಗೇಮ್ ಎಂದು ಹೆಸರು. ಕನ್ನಡದಲ್ಲಿ ಯುದ್ಧದಾಟ ಎನ್ನಬಹುದು.

ಚದುರಂಗದಲ್ಲಿ ಎರಡೂ ಕಡೆ ಒಂದೇ ಬಗೆಯ ಹದಿನಾರು ಕಾಯಿಗಳು. ಯುದ್ಧದಾಟದಲ್ಲಿ ಹಾಗಲ್ಲ. ಒಂದು ಕಡೆ ರೋಮ್ ಇದ್ದರೆ ಇನ್ನೊಂದು ಕಡೆ ಕಾರ್ತೇಜ್. ಒಬ್ಬರ ಬಲ ಕಾಲಾಳು, ಇನ್ನೊಬ್ಬರ ಬಲ ಕುದುರೆ. ಹಾಗಾದರೆ ಯಾರಿಗೆ ಯಾವ ಪಡೆ, ಎಷ್ಟೆಷ್ಟು? ಇದನ್ನು ಹೇಳುವುದೇ ಸೈನ್ಯಪಟ್ಟಿ. ಇಂಥ ಪಟ್ಟಿಗಳನ್ನು ಸೇರಿಸಿ ಅಚ್ಚು ಹಾಕಿದ್ದು ಸೈನ್ಯಪುಸ್ತಕ. ಆಟದ ನಿಯಮಗಳಿಗೆ ಒಂದು ಪುಸ್ತಕ, ಅದರ ಮೇಲೆ ಸೈನ್ಯಕ್ಕೆ ಮತ್ತೊಂದು. ಬೆಲೆ ಪೌಂಡಿನ ಲೆಕ್ಕದಲ್ಲಿ. ಭಾರತಕ್ಕೆ ತರಿಸಿದರೆ ಅಂಚೆಯ ಖರ್ಚೂ ಸೇರಿ ಸಾವಿರಗಳ ಮಾತಾಗುತ್ತದೆ. ಮಗ ಅಥವಾ ಮಗಳು ಇದನ್ನು ಕೇಳಿದಾಗ ಪಾಲಕರು ಕೊಡಿಸಬೇಕೆ?

ಪಟ್ಟಿಯ ಒಳಗೇನಿದೆ?

ಸೈನ್ಯಪಟ್ಟಿಯಲ್ಲಿ ಪ್ರತಿ ಪಡೆಗೂ ಇಷ್ಟು ಅಂಕ ಎಂದು ಬೆಲೆ ಕಟ್ಟಿರುತ್ತದೆ. ಇಬ್ಬರೂ ಆಟಗಾರರು ಒಂದೇ ಮೊತ್ತದ, ಉದಾಹರಣೆಗೆ 1000 ಅಂಕಗಳ, ಸೈನ್ಯವನ್ನು ಆರಿಸಿಕೊಳ್ಳುತ್ತಾರೆ. ಜೊತೆಗೆ ಕನಿಷ್ಠ, ಗರಿಷ್ಠ ಎಂಬ ಮಿತಿಗಳೂ ಇರುತ್ತವೆ. ಈ ಮಿತಿಗಳಿಲ್ಲದಿದ್ದರೆ ಎಲ್ಲರೂ ತಮಗೆ ಬೇಕಾದ ಬಲಶಾಲಿ ಪಡೆಯನ್ನೇ ತುಂಬಿಕೊಂಡಾರು.

ಮಿತಿಗಳು ಎಲ್ಲಿಂದ ಬರುತ್ತವೆ? ಬಹುಮಟ್ಟಿಗೆ ಇತಿಹಾಸದ ಗ್ರಂಥಗಳಿಂದಲೇ. ಕ್ರಿ.ಪೂ. 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ತನ್ನ ಗ್ರಂಥದ ಆರನೆಯ ಭಾಗದಲ್ಲಿ ರೋಮನ್ ಲೀಜನ್ನಿನ ಲೆಕ್ಕ ಕೊಟ್ಟಿದ್ದಾನೆ. ಮುಂದಿನ ಸಾಲಿನ ಹಸ್ತಾಟಿ 1200, ಎರಡನೆಯ ಸಾಲಿನ ಪ್ರಿನ್ಸಿಪೆಸ್ 1200, ಕೊನೆಯ ಸಾಲಿನ ಹಿರಿಯ ಯೋಧರಾದ ಟ್ರಿಯಾರಿ 600, ಹಗುರ ಆಯುಧದ ವೆಲಿಟೆಸ್ 1200. ಇವರ ಜೊತೆಗೆ 300 ಕುದುರೆ ಸವಾರರು. ಲೀಜನ್ ದೊಡ್ಡದಾದರೂ ಟ್ರಿಯಾರಿಗಳ ಸಂಖ್ಯೆ 600ನ್ನು ದಾಟುವುದಿಲ್ಲ ಎಂದೂ ಅವನು ಹೇಳುತ್ತಾನೆ. ಆದ್ದರಿಂದ ಮುಂದಿನ ಸಾಲಿನ ಇಬ್ಬರಿಗೆ ಕೊನೆಯ ಸಾಲಿನಲ್ಲಿ ಒಬ್ಬನಿಗಿಂತ ಹೆಚ್ಚು ಇರಕೂಡದು ಎಂದು ಪಟ್ಟಿಯಲ್ಲಿ ಕಂಡರೆ ಅದು ಆಟ ರಚಿಸಿದವರ ಮರ್ಜಿಯಲ್ಲ. ಎರಡು ಸಾವಿರ ವರ್ಷದ ಹಿಂದಿನ ಒಂದು ಪುಟದ ಸಾರ.

ಸೈನ್ಯಪುಸ್ತಕದ ನಿಜವಾದ ಬೆಲೆ ಇಲ್ಲಿದೆ. ಹತ್ತಾರು ಗ್ರಂಥಗಳನ್ನು ಓದಿದವರ ಶ್ರಮ ಒಂದೆರಡು ಪುಟಕ್ಕೆ ಇಳಿದಿರುತ್ತದೆ. ಸ್ಪರ್ಧೆಯಲ್ಲಿ ಅಪರಿಚಿತರಿಬ್ಬರು ಎದುರುಬದುರು ಕುಳಿತಾಗ ಜಗಳಕ್ಕೆ ಎಡೆಯಿರುವುದಿಲ್ಲ. ಕ್ಲಬ್ಬುಗಳಿಗೆ, ಸ್ಪರ್ಧೆಗಳಿಗೆ ಹೋಗುವವರಿಗೆ ಇದು ಬೇಕೇಬೇಕು. ಮನೆಯಲ್ಲಿ ಅಣ್ಣತಮ್ಮಂದಿರು ಆಡುವಾಗ ಇದರ ಅಗತ್ಯ ಎಷ್ಟು?

ಒಂದು ಪುಸ್ತಕ ಹಲವಾದ ಕಥೆ

ಹಿಂದೆ ಹೀಗಿರಲಿಲ್ಲ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಬರೆದ 'ಲಿಟಲ್ ವಾರ್ಸ್' ಒಂದು ತೆಳ್ಳನೆಯ ಪುಸ್ತಕ. ಆಟಿಕೆಯ ಸೈನಿಕರು, ಮರದ ಕಡ್ಡಿ ಹಾರಿಸುವ ಆಟಿಕೆ ಫಿರಂಗಿ, ಒಂದಷ್ಟು ನಿಯಮ, ಅಷ್ಟೇ. 1969ರಲ್ಲಿ ಇಂಗ್ಲೆಂಡಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ಪ್ರಾಚೀನ ಯುದ್ಧಗಳಿಗೆ ನಿಯಮಗಳನ್ನು ಪ್ರಕಟಿಸಿತು. ಸೈನ್ಯಪಟ್ಟಿಗಳ ಪುಸ್ತಕಗಳು ಆಮೇಲೆ ಬೇರೆಯಾಗಿ ಬಂದವು.

1990ರಲ್ಲಿ ಅದೇ ಗುಂಪಿನಿಂದ ಫಿಲ್ ಬಾರ್ಕರ್ ಮತ್ತು ಸಂಗಡಿಗರ 'ಡಿಬಿಎ' ಬಂತು. ಒಂದೊಂದು ಸೈನ್ಯಕ್ಕೆ ಹನ್ನೆರಡೇ ತುಕಡಿ, ಎರಡು ಅಡಿ ಚದರದ ಹಲಗೆ, ಸುಮಾರು ಒಂದು ಗಂಟೆಯ ಆಟ. ನಿಯಮಗಳೂ ಸೈನ್ಯಪಟ್ಟಿಗಳೂ ಒಂದೇ ಪುಸ್ತಕದಲ್ಲಿ. 1993ರಲ್ಲಿ ಬಂದ ಅದರ ದೊಡ್ಡಣ್ಣ 'ಡಿಬಿಎಂ'ಗೆ ಮಾತ್ರ ಪಟ್ಟಿಗಳದ್ದೇ ನಾಲ್ಕು ಸಂಪುಟ. 2008ರಲ್ಲಿ ಹೊರಟ 'ಫೀಲ್ಡ್ ಆಫ್ ಗ್ಲೋರಿ' ಇನ್ನೂ ಮುಂದೆ ಹೋಗಿ ಹತ್ತಕ್ಕೂ ಹೆಚ್ಚು ಸೈನ್ಯಪುಸ್ತಕಗಳನ್ನು ಹೊರತಂದಿತು. ಇದಕ್ಕೆ ಎದುರಾಗಿ ಫ್ರಾನ್ಸಿನ 'ಲಾರ್ ದ ಲಾ ಗೇರ್' ಸುಮಾರು 300 ಸೈನ್ಯಗಳನ್ನು ನಿಯಮಪುಸ್ತಕದೊಳಗೇ ಸೇರಿಸಿಕೊಂಡಿದೆ.

ಎರಡನೆಯ ಮಹಾಯುದ್ಧದ ಆಟವಾದ 'ಬೋಲ್ಟ್ ಆ್ಯಕ್ಷನ್'ನದು ನಡುವಿನ ದಾರಿ. ಮುಖ್ಯ ದೇಶಗಳ ಸಂಕ್ಷಿಪ್ತ ಪಟ್ಟಿ ನಿಯಮಪುಸ್ತಕದಲ್ಲೇ ಇದೆ. ಪೂರ್ಣ ವಿವರ ಬೇಕೆಂದರೆ ದೇಶಕ್ಕೊಂದು ಪುಸ್ತಕ ಕೊಳ್ಳಬೇಕು. ಹೊಸಬನಿಗೆ ಮೊದಲ ಒಂದು ವರ್ಷಕ್ಕೆ ಆ ಸಂಕ್ಷಿಪ್ತ ಪಟ್ಟಿ ಧಾರಾಳವಾಗಿ ಸಾಕು. ಎಷ್ಟೋ ಮಂದಿ ಇದನ್ನು ಗಮನಿಸದೆ ಮೊದಲ ದಿನವೇ ಎರಡೂ ಪುಸ್ತಕ ತರಿಸುತ್ತಾರೆ. ಬಣ್ಣ ಹಚ್ಚಿದ ಹತ್ತು ಸೈನಿಕರೂ ಮನೆಯಲ್ಲಿರುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ.

ಹಳತಾಗುವುದು, ಹಳತಾಗದ್ದು

ಪಾಲಕರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಆಟದ ನಿಯಮಗಳಿಗೆ ಹೊಸ ಆವೃತ್ತಿ ಬರುತ್ತಲೇ ಇರುತ್ತದೆ. ಬೋಲ್ಟ್ ಆ್ಯಕ್ಷನ್ 2012ರಲ್ಲಿ ಮೊದಲು ಬಂತು, 2016ರಲ್ಲಿ ಎರಡನೆಯ ಆವೃತ್ತಿ, 2024ರಲ್ಲಿ ಮೂರನೆಯದು. ಮೂರನೆಯದರ ಹಿಂದೆಯೇ ಸೈನ್ಯಪುಸ್ತಕಗಳೂ ಹೊಸದಾಗಿ ಬರತೊಡಗಿದವು. ನಿಯಮ ಬದಲಾದರೆ ಅಂಕಗಳು ಬದಲಾಗುತ್ತವೆ. ಅಂಕಗಳು ಬದಲಾದರೆ ಹಳೆಯ ಪಟ್ಟಿ ಹೋದ ವರ್ಷದ ರೈಲ್ವೆ ವೇಳಾಪಟ್ಟಿಯಂತಾಗುತ್ತದೆ.

1998ರಲ್ಲಿ ಆರಂಭವಾದ 'ವಾರ್‌ಹ್ಯಾಮರ್ ಏನ್‌ಶಿಯೆಂಟ್ ಬ್ಯಾಟಲ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಎರಡು ಬಗೆಯ ಪೂರಕ ಪುಸ್ತಕಗಳಿದ್ದವು. 'ಆರ್ಮೀಸ್ ಆಫ್ ಆ್ಯಂಟಿಕ್ವಿಟಿ'ಯಂಥದ್ದು ಒಂದು ಬಗೆ. ಅದರಲ್ಲಿ ಅನೇಕ ಸೈನ್ಯಗಳ ಚುಟುಕು ಪಟ್ಟಿಗಳು. ಅಲೆಕ್ಸಾಂಡರ್, ಹ್ಯಾನಿಬಲ್ ಮೊದಲಾದವರ ಒಂದೊಂದೇ ಕಾಲವನ್ನು ಹಿಡಿದು ಬರೆದದ್ದು ಇನ್ನೊಂದು ಬಗೆ. ಅದರಲ್ಲಿ ಪಟ್ಟಿಯೊಂದಿಗೆ ಯುದ್ಧಗಳ ಹಿನ್ನೆಲೆ, ಆಡಲು ಸಂದರ್ಭಗಳು. ಇವುಗಳನ್ನು ತರುತ್ತಿದ್ದ ವಾರ್‌ಹ್ಯಾಮರ್ ಹಿಸ್ಟಾರಿಕಲ್ 2012ರಲ್ಲಿ ಮುಚ್ಚಿತು. ಆ ಆಟವನ್ನು ಬಿಟ್ಟವರಿಗೆ ಮೊದಲ ಬಗೆಯ ಪುಸ್ತಕದಿಂದ ಹೆಚ್ಚು ಉಪಯೋಗವಿಲ್ಲ. ಎರಡನೆಯ ಬಗೆಯದನ್ನು ಬೇರೆ ನಿಯಮ ಇಟ್ಟುಕೊಂಡು ಈಗಲೂ ಬಳಸಬಹುದು, ಏಕೆಂದರೆ ಹ್ಯಾನಿಬಲ್ ಆಲ್ಪ್ಸ್ ದಾಟಿದ ಕಥೆಗೆ ಆವೃತ್ತಿಯ ಹಂಗಿಲ್ಲ.

ಕೊಳ್ಳುವ ಮುನ್ನ ಪುಟ ತಿರುವಿ ನೋಡಲು ಇದೇ ಸುಲಭದ ಅಳತೆಗೋಲು. ಅಂಕಗಳನ್ನೆಲ್ಲ ಹೊಡೆದುಹಾಕಿದರೆ ಪುಸ್ತಕದಲ್ಲಿ ಏನು ಉಳಿಯುತ್ತದೆ? ನಕಾಶೆ, ಉಡುಪಿನ ಬಣ್ಣ, ಯುದ್ಧದ ವಿವರ, ಮುಂದೆ ಓದಬೇಕಾದ ಗ್ರಂಥಗಳ ಪಟ್ಟಿ ಉಳಿಯುವಂತಿದ್ದರೆ ಹಣ ಪೋಲಾಗದು. ಬರೀ ಬಿಳಿ ಹಾಳೆ ಉಳಿಯುವುದಾದರೆ ಯೋಚಿಸಬೇಕು.

ಕ್ಯಾನೆಯಲ್ಲಿ ಆನೆ ಇರಲಿಲ್ಲ

ಒಳ್ಳೆಯ ಪಟ್ಟಿಗೂ ಒಂದು ಮಿತಿಯಿದೆ. ಡಿಬಿಎಯಲ್ಲಿ ಕಾರ್ತೇಜಿನ ಕೊನೆಯ ಕಾಲದ ಸೈನ್ಯಕ್ಕೆ ಕ್ರಿ.ಪೂ. 275ರಿಂದ 146ರವರೆಗೆ ಒಂದೇ ಪಟ್ಟಿ. ಆನೆ ಅದರಲ್ಲಿದೆ. ಆದರೆ ಇತಿಹಾಸ ಹೇಳುವುದೇನು? ರೋನ್ ನದಿ ದಾಟುವಾಗ ಹ್ಯಾನಿಬಲನ ಬಳಿ 37 ಆನೆಗಳಿದ್ದವು. ಕ್ರಿ.ಪೂ. 218ರ ಟ್ರೆಬಿಯಾ ಕದನದಲ್ಲಿ ಅವು ಹೋರಾಡಿದವು. ಆ ಚಳಿಗಾಲದಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಸತ್ತವೆಂದು ಪೊಲಿಬಿಯಸ್ ಬರೆಯುತ್ತಾನೆ. 216ರಲ್ಲಿ ಕ್ಯಾನೆಯಲ್ಲಿ ಹ್ಯಾನಿಬಲ್ ತನ್ನ ಅತಿದೊಡ್ಡ ವಿಜಯ ಗಳಿಸಿದಾಗ ರಣರಂಗದಲ್ಲಿ ಆನೆಗಳಿರಲಿಲ್ಲ. 202ರಲ್ಲಿ ಜಾಮಾದಲ್ಲಿ 80ಕ್ಕೂ ಹೆಚ್ಚು ಆನೆಗಳನ್ನು ಮುಂದೆ ನಿಲ್ಲಿಸಿದಾಗ ಅವನು ಸೋತ.

ಪಟ್ಟಿಯನ್ನಷ್ಟೇ ಓದಿದ ಹುಡುಗ ಕ್ಯಾನೆಯ ಆಟಕ್ಕೂ ಆನೆ ತರುತ್ತಾನೆ. ನಿಯಮದ ಪ್ರಕಾರ ತಪ್ಪಿಲ್ಲ, ಇತಿಹಾಸದ ಪ್ರಕಾರ ಪೂರ್ತಿ ತಪ್ಪು. ಇತಿಹಾಸ ಓದಿದವನು ಆನೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಕುದುರೆಗಳಿಂದ ಹೇಗೆ ಸುತ್ತುವರಿಯಬೇಕೆಂದು ಯೋಚಿಸುತ್ತಾನೆ. ಹ್ಯಾನಿಬಲನೂ ಮಾಡಿದ್ದು ಅದನ್ನೇ.

ರಾಯಚೂರಿನ ಲೆಕ್ಕ

ಕನ್ನಡನಾಡಿನ ವಿದ್ಯಾರ್ಥಿ ವಿಜಯನಗರದ ಸೈನ್ಯ ಕಟ್ಟಬಯಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಡಿಬಿಎ, ಡಿಬಿಎಂ ಆಟಗಳ ಕಾಲಮಿತಿ ಸುಮಾರು ಕ್ರಿ.ಶ. 1500ರವರೆಗೆ. ಅವುಗಳಲ್ಲಿ ಹೆಚ್ಚುಕಡಿಮೆ ಸಾವಿರ ವರ್ಷಗಳ ಅನೇಕ ಹಿಂದೂ ರಾಜ್ಯಗಳ ಸೈನ್ಯ ಒಂದೇ ತಲೆಬರಹದಡಿ ಬರುತ್ತದೆ. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿದ 1520ರ ರಾಯಚೂರು ಕದನ ಆ ಗಡಿಯಾಚೆ ಉಳಿಯುತ್ತದೆ.

ಆದರೆ ಆಧಾರವಿಲ್ಲದೆ ಹೋಗಿಲ್ಲ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್ ಬರೆದಿಟ್ಟ ವೃತ್ತಾಂತದಲ್ಲಿ ರಾಯಚೂರಿಗೆ ಹೊರಟ ದಂಡಿನ ಲೆಕ್ಕ ನಾಯಕರ ಹೆಸರಿನೊಂದಿಗೆ ಇದೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್' ಗ್ರಂಥದಲ್ಲಿ ಅದರ ಇಂಗ್ಲಿಷ್ ಅನುವಾದ ಸಿಗುತ್ತದೆ. ಅದರಂತೆ ಎಲ್ಲಕ್ಕೂ ಮುಂದೆ ನಡೆದ ಪಡೆಯಲ್ಲಿ 30,000 ಕಾಲಾಳು, 1,000 ಕುದುರೆ, 6 ಆನೆ. ಕಾಲಾಳುಗಳಲ್ಲಿ ಬಿಲ್ಲುಗಾರರು, ಗುರಾಣಿಯವರು, ಕೋವಿಯವರು, ಈಟಿಯವರು ಇದ್ದರು. ಒಟ್ಟು ಸಂಖ್ಯೆಗಳು ಉತ್ಪ್ರೇಕ್ಷೆ ಇರಬಹುದು. ಆದರೂ ಪ್ರಮಾಣವನ್ನು ನೋಡಬೇಕು. 30,000 ಕಾಲಾಳಿಗೆ ಆರೇ ಆನೆ! ಭಾರತದ ಸೈನ್ಯವೆಂದರೆ ಆನೆಗಳ ಸಾಲು ಎಂದು ತಿಳಿದವರಿಗೆ ಇದು ಅಚ್ಚರಿಯ ಸುದ್ದಿ.

ಸೀವೆಲನ ಗ್ರಂಥ ಅಂತರಜಾಲದಲ್ಲಿ ಹಣವಿಲ್ಲದೆ ಸಿಗುತ್ತದೆ. ಪೊಲಿಬಿಯಸನ ಹಳೆಯ ಇಂಗ್ಲಿಷ್ ಅನುವಾದವೂ ಅಷ್ಟೇ. ಒಂದು ರಜೆಯಲ್ಲಿ ನುನಿಜನ ಆ ಕೆಲವು ಪುಟ ಓದಿ, ಯಾವ ಪಡೆಗೆ ಎಷ್ಟು ತುಕಡಿ ಎಂದು ನೋಟ್‌ಬುಕ್ಕಿನಲ್ಲಿ ತಾನೇ ಬರೆದುಕೊಂಡ ವಿದ್ಯಾರ್ಥಿ ಒಂದು ಸೈನ್ಯಪಟ್ಟಿಯನ್ನೇ ರಚಿಸಿದಂತೆ. ಸೈನ್ಯಪುಸ್ತಕ ಬರೆದವರ ಕೆಲಸವೂ ಮೂಲದಲ್ಲಿ ಇದೇ.

ಕೊಳ್ಳುವ ಮುನ್ನ

ಸೈನ್ಯಪುಸ್ತಕ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. ಕ್ರಮ ಮುಖ್ಯ. ಮೊದಲು ನಿಯಮಪುಸ್ತಕ ಮಾತ್ರ ಸಾಕು, ಪಟ್ಟಿಗಳು ಅದರೊಳಗೇ ಇರುವಂಥದ್ದಾದರೆ ಇನ್ನೂ ಒಳ್ಳೆಯದು. ಬೊಂಬೆಗಳನ್ನೂ ತಕ್ಷಣ ಕೊಳ್ಳಬೇಕಿಲ್ಲ. ರಟ್ಟಿನ ತುಂಡುಗಳ ಮೇಲೆ ಪಡೆಯ ಹೆಸರು ಬರೆದು ನಾಲ್ಕಾರು ಆಟ ಆಡಿದರೆ ಆಸಕ್ತಿ ಉಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ. ಉಳಿದರೆ ಒಂದು ಸೈನ್ಯ ಆರಿಸಿ, ಅದರ ಇತಿಹಾಸವನ್ನು ಊರಿನ ಗ್ರಂಥಾಲಯದಲ್ಲೋ ಅಂತರಜಾಲದಲ್ಲೋ ಓದಬೇಕು.

ಆ ಬಳಿಕವೂ ಪುಸ್ತಕ ಬೇಕೆನಿಸಿದರೆ ಪಾಲಕರು ಮೂರು ಪ್ರಶ್ನೆ ಕೇಳಬಹುದು. ಈ ಸೈನ್ಯ ನಿಯಮಪುಸ್ತಕದ ಪಟ್ಟಿಯಲ್ಲಿ ಈಗಾಗಲೇ ಇದೆಯೆ? ಪುಸ್ತಕ ಈಗಿನ ಆವೃತ್ತಿಗೆ ಸೇರಿದ್ದೆ? ಅಂಕ ಬಿಟ್ಟು ಅದರಲ್ಲಿ ಓದುವಂಥದ್ದು ಏನಿದೆ? ಮೂರಕ್ಕೂ ಮಗು ಕಾರಣ ಕೊಟ್ಟು ಉತ್ತರಿಸಿದರೆ ಧೈರ್ಯವಾಗಿ ಕೊಡಿಸಬಹುದು. ಉತ್ತರ ತಡವರಿಸಿದರೆ ಇನ್ನೊಂದು ಪರೀಕ್ಷೆ ಮುಗಿಯುವವರೆಗೆ ಕಾಯುವುದರಿಂದ ನಷ್ಟವಿಲ್ಲ. ಅಷ್ಟರೊಳಗೆ ರಟ್ಟಿನ ಸೈನ್ಯದಲ್ಲೇ ರಾಯಚೂರಿನ ಕದನವನ್ನು ಎರಡು ಬಾರಿ ಆಡಬಹುದು.